ಕೋವಿಗೆಂದೇ ಒಂದು ಬೆಂಚು

ನಮ್ಮ ಸಮುದಾಯ ಕಾರ್ಯಾಗಾರದಲ್ಲಿ ಕೋವಿಗಳ ಬಗ್ಗೆ ಇಪ್ಪತ್ತೆರಡು ನಿಯಮಗಳಿದ್ದವು. ಎಲ್ಲವನ್ನೂ ಒಂದು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಬಾಗಿಲ ಪಕ್ಕದ ಗೋಡೆಗೆ ಹೊಡೆದಿದ್ದರು. ಮೂರು ವಾರ ಕಳೆಯುವಷ್ಟರಲ್ಲಿ ಆ ಹಾಳೆಯ ಮೊಳೆಗೆ ಯಾರೋ ತಮ್ಮ ಏಪ್ರನ್ ನೇತುಹಾಕಿದರು. ಆಮೇಲೆ ಏಳರಿಂದ ಹತ್ತೊಂಬತ್ತರವರೆಗಿನ ನಿಯಮಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೀಳಲಿಲ್ಲವೆಂದು ಯಾರೂ ಕೊರಗಲೂ ಇಲ್ಲ.

ಒಂದು ಸಂಜೆ ಸದಸ್ಯರೊಬ್ಬರು ಜೋಡುನಳಿಗೆ ಕೋವಿಯೊಂದನ್ನು ಸಾಮಾನ್ಯ ಮೇಜಿನ ಮೇಲೆ ಮಲಗಿಸಿ ಅದರ ಹೊರಮೈಗೆ ಎಣ್ಣೆ ಸವರುತ್ತಿದ್ದರು. ಅವರ ಎಡಕ್ಕೆ ಗ್ರೈಂಡರ್, ಬಲಕ್ಕೆ ವೆಲ್ಡಿಂಗ್, ಎದುರಿಗೆ ಕುರ್ಚಿಯ ಕಾಲು ಅಂಟಿಸುತ್ತಿದ್ದ ನಾನು. ತಲೆ ಎತ್ತಿ ನೋಡಿದರೆ ನಳಿಗೆಯ ಎರಡು ಬಾಯಿಗಳೂ ನನ್ನ ಹೊಟ್ಟೆಯ ಕಡೆಗೇ ತಿರುಗಿವೆ. "ಖಾಲಿ ಇದೆ, ನೀವು ಹೆದರಬೇಡಿ" ಎಂದರು. ಖಾಲಿಯೇ ಇತ್ತು. ಆದರೆ ಒಬ್ಬರ ಬಾಯಿಮಾತಿನಿಂದ ಇನ್ನೊಬ್ಬರ ಮಟ್ಟಿಗೆ ಕೋವಿ ಖಾಲಿಯಾಗುವುದಿಲ್ಲ. ಅಮೆರಿಕದ ಜೆಫ್ ಕೂಪರ್ ಹೇಳಿಕೊಟ್ಟು ಜಗತ್ತಿನಾದ್ಯಂತ ಹರಡಿದ ನಾಲ್ಕು ಸುರಕ್ಷತಾ ನಿಯಮಗಳಲ್ಲಿ ಮೊದಲನೆಯದೇ ಅದು: ಪ್ರತಿಯೊಂದು ಕೋವಿಯೂ ಯಾವಾಗಲೂ ತುಂಬಿದೆ ಎಂದೇ ತಿಳಿಯಬೇಕು. ಎರಡನೆಯದು, ಹಾಳುಮಾಡಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಕೂಡದು. ನನ್ನ ಹೊಟ್ಟೆ ಆ ಪಟ್ಟಿಗೆ ಸೇರುತ್ತದೆ ಎಂದು ನನ್ನ ನಂಬಿಕೆ.

ಮುಂದಿನ ಸಭೆಯಲ್ಲಿ ಇಪ್ಪತ್ತಮೂರನೆಯ ನಿಯಮ ಸೇರಿಸೋಣ ಎಂಬ ಸಲಹೆ ಬಂತು. ನಾನು ಬಡಗಿಯ ಕೆಲಸ ಬಲ್ಲವನು, ಮಾತಿಗಿಂತ ಮರ ವಾಸಿ ಎನ್ನುವವನು. ಬರೆದದ್ದನ್ನು ಓದದೆ ಇರಬಹುದು, ಮರೆಯಬಹುದು. ಆದರೆ ಇಲ್ಲದ ಕಪಾಟಿನಲ್ಲಿ ಕೋವಿ ಇಡಲಾಗದು, ಇಲ್ಲದ ಪ್ಲಗ್ಗಿಗೆ ಡ್ರಿಲ್ ಚುಚ್ಚಲಾಗದು. ಕೋವಿಗೆಂದೇ ಒಂದು ಬೆಂಚು ಕಟ್ಟುತ್ತೇನೆ, ಎಷ್ಟು ನಿಯಮಗಳನ್ನು ಮರಕ್ಕೆ ಇಳಿಸಲು ಸಾಧ್ಯವೋ ಅಷ್ಟನ್ನೂ ಇಳಿಸುತ್ತೇನೆ, ಉಳಿದದ್ದನ್ನು ಮಾತ್ರ ಬರೆಯೋಣ ಎಂದೆ. ಒಪ್ಪಿದರು. ಐದು ವಾರಾಂತ್ಯಗಳ ಕೆಲಸ ಅದು. ಎಲ್ಲಿ ಸರಿಹೋಯಿತು, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜಾಗ

ಮೊದಲ ವಾರಾಂತ್ಯ ಒಂದೇ ಒಂದು ಹಲಗೆಯನ್ನೂ ಕೊಯ್ಯಲಿಲ್ಲ. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಲೇ ಕಳೆಯಿತು.

ಗ್ರೈಂಡರಿನಿಂದ ದೂರ ಇರಬೇಕು ಎಂಬುದಕ್ಕೆ ಕಾರಣ ಕಿಡಿ ಒಂದೇ ಅಲ್ಲ. ಅದರ ಧೂಳು ಉಜ್ಜುವ ಪುಡಿಯೇ. ನಳಿಗೆಯ ಬುಡವನ್ನು ತೆರೆದು ಮುಚ್ಚುವ, ಎಣ್ಣೆ ಸವರಿದ ಉಕ್ಕಿನ ಬೋಲ್ಟಿನ ಮೇಲೆ ಅದು ಕೂತರೆ, ಬೋಲ್ಟನ್ನು ಎಳೆದಾಗಲೆಲ್ಲ ಉಪ್ಪುಕಾಗದದ ಕೆಲಸ ಮಾಡುತ್ತದೆ. ವೆಲ್ಡಿಂಗಿನಿಂದ ದೂರ ಇರಬೇಕಾದ ಕಾರಣ ಇನ್ನೂ ಗಂಭೀರವಾದದ್ದು. ಎಣ್ಣೆಯ ಜಿಡ್ಡು ತೆಗೆಯಲು ಕೆಲವರು ಬ್ರೇಕ್ ಕ್ಲೀನರಿನ ಡಬ್ಬಿ ತರುತ್ತಾರೆ. ಅದರಲ್ಲಿ ಕೆಲವು ಬಗೆಯವು ಕ್ಲೋರಿನ್ ಸೇರಿದ ದ್ರಾವಕದಿಂದ ಆದವು. ಅಂಥ ದ್ರಾವಕದ ಆವಿಗೆ ವೆಲ್ಡಿಂಗ್ ಆರ್ಕಿನ ಬಿಸಿ ಮತ್ತು ಅತಿನೇರಳೆ ಬೆಳಕು ತಾಗಿದರೆ ಫಾಸ್ಜೀನ್ ಹುಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ ಅದು. ಮನೆಯ ಒಬ್ಬಂಟಿ ಮೇಜಿನಲ್ಲಿ ಈ ಜೋಡಿ ಅಪರೂಪಕ್ಕೆ ಕೂಡೀತು. ಹತ್ತು ಕೆಲಸಗಳು ಒಟ್ಟಿಗೆ ನಡೆಯುವ ಕಾರ್ಯಾಗಾರದಲ್ಲಿ ಒಬ್ಬರ ಡಬ್ಬಿ, ಇನ್ನೊಬ್ಬರ ಆರ್ಕ್ ಎಂದು ಸಲೀಸಾಗಿ ಕೂಡುತ್ತದೆ. ಕ್ಲೋರಿನ್ ಸೇರಿದ ದ್ರಾವಕವನ್ನು ಕಟ್ಟಡದ ಒಳಗೇ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆವು. ಬೆಂಚನ್ನೂ ವೆಲ್ಡಿಂಗಿನಿಂದ ಅತ್ಯಂತ ದೂರದ ಮೂಲೆಗೆ, ಗಾಳಿ ಹೊರಗೆ ತಳ್ಳುವ ಫ್ಯಾನಿನ ಕೆಳಗೆ ಒಯ್ದೆವು.

ಆ ಮೂಲೆಯ ಎಡಗೋಡೆ ದಪ್ಪದ್ದು, ಅದರ ಆಚೆ ಮಣ್ಣಿನ ದಿಬ್ಬ. ಕೋವಿಯ ಬಾಯಿ ಸದಾ ಆ ಗೋಡೆಯ ಕಡೆಗೇ ಇರಬೇಕು ಎಂದು ಬರೆಯುವ ಬದಲು, ಬೇರೆ ಕಡೆಗೆ ಇಡಲು ಬಾರದ ಹಾಗೆ ಬೆಂಚು ಕಟ್ಟಿದೆ. ಕೋವಿ ಕೂರುವ ಎರಡು ಕವೆಗಳಲ್ಲಿ ಎಡಗಡೆಯದು ಸಣ್ಣ ಬಾಯಿಯದು, ನಳಿಗೆ ಮಾತ್ರ ಹಿಡಿಯುತ್ತದೆ. ಬಲಗಡೆಯದು ಅಗಲ, ಭುಜಕ್ಕೆ ಒತ್ತಿಕೊಳ್ಳುವ ಮರದ ಬಟ್ ಹಿಡಿಯುತ್ತದೆ. ತಿರುಗಿಸಿ ಇಟ್ಟರೆ ಬಟ್ ಸಣ್ಣ ಕವೆಯೊಳಗೆ ಇಳಿಯುವುದಿಲ್ಲ. ಇಷ್ಟು ಸುಲಭವಾಗಿ ಒಂದು ನಿಯಮ ಮರಕ್ಕೆ ಇಳಿದದ್ದು ಕಂಡು ನನಗೆ ಸ್ವಲ್ಪ ಜಂಬವೇ ಬಂತು.

ಜಂಬ ಇಳಿಯಲು ಒಂದು ವಾರ ಹಿಡಿಯಿತು. ಬೆಂಚಿನ ಉದ್ದ 180 ಸೆಂಟಿಮೀಟರ್, ಎತ್ತರ 95, ಅಗಲ 70 ಎಂದು ಲೆಕ್ಕ ಹಾಕಿ, ಬಲತುದಿಗೆ ಒತ್ತಿಕೊಂಡಂತೆ ದ್ರಾವಕಗಳ ಕಪಾಟನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದೆ. ಉದ್ದನೆಯ ಕೋವಿಯೂ 115ರಿಂದ 120 ಸೆಂಟಿಮೀಟರ್ ಇರುತ್ತದೆ, ಧಾರಾಳ ಸಾಕು ಎಂದುಕೊಂಡಿದ್ದೆ. ನಳಿಗೆಯೊಳಗೆ ಹಾಯಿಸುವ ಸರಳು, ಹಳಬರ ಮಾತಿನಲ್ಲಿ ಗಜ, ಅದರ ಉದ್ದ ನನ್ನ ಲೆಕ್ಕಕ್ಕೆ ಸಿಕ್ಕಿರಲೇ ಇಲ್ಲ. ಬೋಲ್ಟ್ ರೈಫಲಿನ ಬೋಲ್ಟ್ ತೆಗೆದು ಸರಳನ್ನು ಬುಡದ ಕಡೆಯಿಂದ ತೂರಿಸಬೇಕು, ಪೂರ್ತಿ ಹಿಂದಕ್ಕೆ ಎಳೆದುಕೊಳ್ಳಬೇಕು. ಅದಕ್ಕೆ ಕೋವಿಯ ಹಿಂದೆ ಒಂದು ಮೀಟರಿನಷ್ಟು ಬಯಲು ಬೇಕು. ಮೊದಲ ಸಲ ಎಳೆದಾಗಲೇ ಸರಳಿನ ಹಿಡಿ ಕಪಾಟಿಗೆ ಢಕ್ ಎಂದು ಬಡಿಯಿತು. ಕಪಾಟು ಬಿಚ್ಚಿ, ಗೋಡೆಯ ನಾಲ್ಕು ತೂತು ಮುಚ್ಚಿ, ಬೆಂಚಿನ ಕೆಳಗೆ ಹೊಸ ಜಾಗ ಮಾಡುವಷ್ಟರಲ್ಲಿ ಎರಡನೆಯ ವಾರಾಂತ್ಯ ಮುಗಿಯಿತು.

ಬೆಂಚಿಗೆ ಬರುವ ಮುನ್ನ

ಒಂದು ವಸ್ತುವನ್ನು ಮಾತ್ರ ನಾನು ಕಟ್ಟಲು ಒಪ್ಪಲಿಲ್ಲ. ಸೈನಿಕ ಠಾಣೆಗಳ ಬಾಗಿಲಲ್ಲಿ ಮರಳು ತುಂಬಿದ ಪೀಪಾಯಿ ಇರುತ್ತದೆ. ನಳಿಗೆಯ ಬಾಯಿಯನ್ನು ಅದರೊಳಗೆ ಇಟ್ಟು ಕೋವಿ ಬರಿದು ಮಾಡುತ್ತಾರೆ. ಅಂಥದ್ದೊಂದನ್ನು ಹಳೆಯ ಡ್ರಮ್ಮಿನಿಂದ ಮಾಡಿಬಿಡೋಣ ಎಂದು ಕೆಲವರು ಹುರುಪಿನಲ್ಲಿದ್ದರು. ಗುಂಡು ಎಲ್ಲಿ ನಿಲ್ಲುತ್ತದೆ ಎಂದು ಪರೀಕ್ಷಿಸದೆ ಹೇಳಲಾಗದು, ಪರೀಕ್ಷಿಸಲು ಇದು ಜಾಗವಲ್ಲ. ತಯಾರಕರು ಪರೀಕ್ಷಿಸಿ, ಯಾವ ಬಗೆಯ ಗುಂಡಿಗೆ ತಡೆಯುತ್ತದೆ ಎಂದು ಬರೆದು ಕೊಟ್ಟ ಸಾಧನವನ್ನೇ ತರಿಸಿ ಬಾಗಿಲ ಹೊರಗೆ ನಿಲ್ಲಿಸಿದೆವು. ಕೋವಿ ಬರಿದಾಗಿಯೇ ಬರಬೇಕು, ತೋಟಾಗಳು ಕಟ್ಟಡದೊಳಗೆ ಕಾಲಿಡಲೇಬಾರದು. ಆ ಸಾಧನವಿರುವುದು ಮರೆತವರಿಗಾಗಿ.

ಬರಿದು ಮಾಡುವುದರಲ್ಲಿ ಒಂದು ಕ್ರಮವಿದೆ, ಜನ ತಪ್ಪುವುದು ಅಲ್ಲೇ. ಮೊದಲು ತೋಟಾಗಳನ್ನು ತುಂಬಿಡುವ ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಬೋಲ್ಟ್ ಎಳೆಯಬೇಕು. ತಿರುಗಾ ಮುರುಗಾ ಮಾಡಿದರೆ ಬೋಲ್ಟ್ ಎಳೆದಾಗ ಒಳಗಿದ್ದ ತೋಟಾ ಹೊರಬೀಳುತ್ತದೆ, ಬಿಟ್ಟಾಗ ಮ್ಯಾಗಜಿನ್ನಿನ ಮೇಲಿನ ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿಗೆ, ಏರಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು ಕೈಯಲ್ಲಿ ಹಿಡಿದು "ನೋಡಿ, ಖಾಲಿ" ಎನ್ನುತ್ತಾರೆ. ಕೋವಿಯೊಳಗೆ ಒಂದು ಉಳಿದೇ ಇರುತ್ತದೆ. ನಳಿಗೆಯ ಅಡಿಯಲ್ಲಿ ಕೊಳವೆಯಂಥ ಮ್ಯಾಗಜಿನ್ ಇರುವ ಕೋವಿಗಳಲ್ಲಿ ಕೊಳವೆಯೊಳಕ್ಕೂ ಇಣುಕಿ ನೋಡಬೇಕು. ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ, ಆಮೇಲೆ ಇನ್ನೊಬ್ಬರಿಗೆ ತೋರಿಸಬೇಕು. ಆ ಇನ್ನೊಬ್ಬರು "ನೀವು ನೋಡಿದ್ದೀರಲ್ಲ" ಎಂದು ಔದಾರ್ಯ ತೋರಿಸಕೂಡದು.

ಇದನ್ನು ಮರಕ್ಕೆ ಇಳಿಸುವುದು ಹೇಗೆ? ಹುಲ್ಲು ಕತ್ತರಿಸುವ ಯಂತ್ರದ ಹಳದಿ ನೈಲಾನ್ ದಾರ ಇದಕ್ಕೆ ಒದಗಿತು. 2.4 ಮಿಲಿಮೀಟರ್ ದಪ್ಪದ್ದು, ಒಂದೂವರೆ ಮೀಟರ್ ಉದ್ದ. ಚೇಂಬರಿನಿಂದ ತೂರಿಸಿ ನಳಿಗೆಯ ಬಾಯಿಯಿಂದ ಹೊರಗೆ ತೆಗೆದರೆ ಎರಡು ತುದಿಗಳೂ ಕಾಣುತ್ತವೆ. ಚೇಂಬರಿನಲ್ಲಿ ತೋಟಾ ಇಲ್ಲ, ನಳಿಗೆ ಕಟ್ಟಿಕೊಂಡಿಲ್ಲ, ಬೋಲ್ಟ್ ಮುಚ್ಚಿಲ್ಲ ಎಂಬ ಮೂರನ್ನೂ ಹತ್ತು ಅಡಿ ದೂರದಿಂದಲೇ ಹೇಳುವ ದಾರ ಅದು. ಸಣ್ಣ ನಳಿಗೆಯಲ್ಲೂ, ಅಂದರೆ 5.6 ಮಿಲಿಮೀಟರ್ ತೂತಿನ ಪಾಯಿಂಟ್ 22 ರೈಫಲಿನಲ್ಲೂ, ಸಲೀಸಾಗಿ ಹಾಯುತ್ತದೆ. ಉಪಕರಣಗಳ ಡ್ರಾಯರಿನ ಮುಂದೆ ಎರಡು ಗೂಟ ಹೊಡೆದು ದಾರವನ್ನು ಅಡ್ಡಕ್ಕೆ ಬಿಗಿದು ಇಟ್ಟೆ. ದಾರ ತೆಗೆಯದೆ ಡ್ರಾಯರ್ ತೆರೆಯುವುದಿಲ್ಲ. ತೆಗೆದ ದಾರವನ್ನು ಕೋವಿಗೆ ತೂರಿಸದೆ ಪಕ್ಕಕ್ಕಿಟ್ಟರೆ? ಅದಕ್ಕೆ ನನ್ನಲ್ಲಿ ಉಪಾಯವಿರಲಿಲ್ಲ. ಅರ್ಧ ನಿಯಮ ಮರಕ್ಕೆ ಇಳಿಯಿತು, ಇನ್ನರ್ಧ ಮನುಷ್ಯನಲ್ಲೇ ಉಳಿಯಿತು.

ಮೇಲ್ಮೈ

ಕೋವಿಯ ಮೈಗೆ ಗೀರು ಬೀಳಬಾರದೆಂದು ಮೇಲ್ಮೈಗೆ ದಪ್ಪನೆಯ ಕಂಬಳಿ ಬಟ್ಟೆ ಅಂಟಿಸಿದ್ದೆ. ನೋಡಲು ಆಭರಣದ ಪೆಟ್ಟಿಗೆಯ ಹಾಗಿತ್ತು. ಕಿತ್ತು ಎಸೆಯಬೇಕಾಯಿತು.

ಕಾರಣ ಸೀಸ. ಗುಂಡಿನಲ್ಲಿ ಸೀಸವಿರುವುದು ಎಲ್ಲರಿಗೂ ಗೊತ್ತು. ಪೆಟ್ಟು ಬಿದ್ದಾಗ ಕಿಡಿ ಹುಟ್ಟಿಸಿ ಮದ್ದು ಹೊತ್ತಿಸುವ ತೋಟಾದ ಕೇಪಿನೊಳಗೂ ಸಾಮಾನ್ಯವಾಗಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಹೊಡೆದ ಕೋವಿಯ ಒಳಗಿನ ಕಪ್ಪು ಮಸಿಯಲ್ಲಿ ಅದು ಉಳಿಯುತ್ತದೆ. ಉಜ್ಜಿದಾಗ ಬೀಳುವ ಪುಡಿ ಬಟ್ಟೆಯ ನೂಲಿನೊಳಗೆ ಸೇರಿಕೊಂಡರೆ ತೊಳೆದು ತೆಗೆಯಲಾಗದು. ಮುಂದಿನ ದಿನ ಅದೇ ಮೂಲೆಗೆ ಯಾರೋ ತಮ್ಮ ಮಗುವನ್ನು ಕರೆತಂದು ಗೊಂಬೆಯ ಚಕ್ರ ಜೋಡಿಸಲು ಕೂರುತ್ತಾರೆ. ಮಕ್ಕಳ ಮೆದುಳಿಗೆ ಸೀಸ ಎಷ್ಟಿದ್ದರೂ ಕೇಡೇ. ಹಾಗಾಗಿ ಕಂಬಳಿ ಹೋಗಿ, ಎಣ್ಣೆಗೆ ಕರಗದ ನೈಟ್ರೈಲ್ ರಬ್ಬರಿನ ಒಂದೇ ಹಾಳೆ ಬಂತು. ಜೋಡಣೆಯ ಸಂದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಸುತ್ತ 15 ಮಿಲಿಮೀಟರ್ ಎತ್ತರದ ಮರದ ಅಂಚು ಕೊಟ್ಟೆ. ಉರುಳಿದ ಸ್ಕ್ರೂ ಅಲ್ಲೇ ನಿಲ್ಲುತ್ತದೆ.

ಕಾರ್ಯಾಗಾರದ ಉಳಿದೆಲ್ಲ ಬೆಂಚುಗಳಿಗೂ ಕಂಪ್ರೆಸರಿನ ಗಾಳಿಯ ಕೊಳವೆ ಬರುತ್ತದೆ. ಈ ಬೆಂಚಿಗೆ ಬೇಕೆಂದೇ ತರಲಿಲ್ಲ. ಗಾಳಿಯ ಪಿಸ್ತೂಲು ಕೈಗೆ ಸಿಕ್ಕರೆ ಸೀಸದ ಪುಡಿಯನ್ನು ಎಲ್ಲರ ಶ್ವಾಸಕೋಶಕ್ಕೆ ಹಂಚದೆ ಮನುಷ್ಯ ಸುಮ್ಮನಿರುವುದಿಲ್ಲ. ಒಣ ಪೊರಕೆಯನ್ನೂ ಆ ಮೂಲೆಯಿಂದ ತೆಗೆದೆ. ಬದಲಿಗೆ ಒಂದು ಬಕೆಟ್, ಒಂದು ಒದ್ದೆ ಬಟ್ಟೆ, ಕೈಗವಸುಗಳ ಪೆಟ್ಟಿಗೆ. ಕೈ ತೊಳೆಯುವ ತೊಟ್ಟಿ ನಾಲ್ಕು ಹೆಜ್ಜೆ ದೂರದಲ್ಲಿದೆ, ಹೊರಗೆ ಹೋಗುವ ಬಾಗಿಲಿಗೆ ದಾರಿಯೂ ಅದರ ಮುಂದೆಯೇ. ಲೋಟ ಇಡಲು ಸಮತಟ್ಟಾದ ಜಾಗ ಬೆಂಚಿನ ಸುತ್ತ ಎಲ್ಲೂ ಇಲ್ಲ. ಅಂಚಿನ ಮರವನ್ನೂ ಇಳಿಜಾರಾಗಿ ಕೀಸಿದ್ದು ಅದಕ್ಕಾಗಿಯೇ. ಟೀ ಕುಡಿಯಬೇಡಿ ಎಂದು ಬರೆದು ಜಗಳ ಆಡುವುದಕ್ಕಿಂತ ಲೋಟ ಜಾರಿ ಬೀಳುವುದು ಮೇಲು.

ಕವೆ, ವೈಸ್, ಸರಳು

ಕವೆಗಳಿಗೆ ಬೀಚ್ ಮರ ಬಳಸಿ ಒಳಮೈಗೆ ಕಾರ್ಕ್ ಅಂಟಿಸಿದೆ. ಚರ್ಮ ಚೆನ್ನಾಗಿ ಹಿಡಿಯುತ್ತದೆ ಎಂದು ಕೆಲವರು ಹೇಳಿದರು. ಹದ ಮಾಡಿದ ಚರ್ಮದಲ್ಲಿ ಹದಕ್ಕೆ ಬಳಸಿದ ರಾಸಾಯನಿಕಗಳು ಉಳಿದಿರುತ್ತವೆ, ತೇವವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಕೋವಿಗೆ ತುಕ್ಕು ಹಿಡಿಯುವುದು ಅದರಿಂದಲೇ. ಅರ್ಧ ಗಂಟೆಯ ಕೆಲಸಕ್ಕೆ ತೊಂದರೆಯಾಗಲಾರದು, ಆದರೂ ಕಾರ್ಕ್ ಇರುವಾಗ ಚರ್ಮ ಏಕೆ?

ಎರಡು ದವಡೆಗಳ ನಡುವೆ ವಸ್ತುವನ್ನು ಬಿಗಿದು ಹಿಡಿಯುವ ವೈಸ್ ಹಾಕುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಕಬ್ಬಿಣದ ಕೆಲಸ ಮಾಡಿದವರ ಕೈಗೆ ವೈಸ್ ಸಿಕ್ಕರೆ ಅಲುಗದ ಹಾಗೆ ಬಿಗಿಯುವುದೇ ಅಭ್ಯಾಸ. ಕೋವಿಯ ನಡುಭಾಗ ಟೊಳ್ಳು. ಬಿಗಿದರೆ ಒಂದಿಷ್ಟು ಒಳಕ್ಕೆ ತಗ್ಗುತ್ತದೆ, ಆಮೇಲೆ ಬೋಲ್ಟ್ ಸರಾಗವಾಗಿ ಓಡುವುದಿಲ್ಲ. ತೆಳುವಾದ ಚರೆಕೋವಿಯ ನಳಿಗೆಯಂತೂ ಕೇಳುವುದೇ ಬೇಡ. ಕೊನೆಗೆ ಒಂದು ಸಣ್ಣ ವೈಸ್ ಕೂರಿಸಿ, ಮರದ ದವಡೆ ಮಾಡಿ, ಅದರ 25 ಸೆಂಟಿಮೀಟರಿನ ಕಬ್ಬಿಣದ ಹಿಡಿಯನ್ನು ಕೊಯ್ದು 8 ಸೆಂಟಿಮೀಟರಿಗೆ ಇಳಿಸಿದೆ. ಅಷ್ಟು ಗಿಡ್ಡ ಹಿಡಿಯಿಂದ ಭೀಮನೂ ಹೆಚ್ಚು ಬಿಗಿಯಲಾರ. ಇಡೀ ಬೆಂಚಿನಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಈ ಮೊಂಡು ಹಿಡಿ.

ಸರಳುಗಳ ವಿಷಯ ಸ್ವಲ್ಪ ಉದ್ದ. ತುಂಡು ತುಂಡಾಗಿ ತಿರುಗಿಸಿ ಜೋಡಿಸುವ ಅಗ್ಗದ ಅಲ್ಯೂಮಿನಿಯಂ ಸರಳುಗಳನ್ನು ಇಡಲಿಲ್ಲ. ಜೋಡಣೆಯ ಅಂಚು ನಳಿಗೆಯ ಒಳಗಿನ ಸುರುಳಿ ಗೀರುಗಳನ್ನು ಕೆರೆಯುತ್ತದೆ, ಮೆತ್ತಗಿನ ಲೋಹದೊಳಗೆ ಕಸ ನಾಟಿಕೊಂಡು ಅರದ ಹಾಗೆ ಆಗುತ್ತದೆ. ಒಂದೇ ತುಂಡಿನ, ಮೇಲೆ ಲೇಪನವಿರುವ ಉಕ್ಕಿನ ಸರಳು ಎರಡು, ಚರೆಕೋವಿಗೆ ಮರದ್ದು ಒಂದು. ಬುಡದ ಕಡೆಯಿಂದಲೇ ತೂರಿಸಬೇಕು, ಏಕೆಂದರೆ ಗುಂಡು ನಳಿಗೆಯನ್ನು ಕೊನೆಯದಾಗಿ ಮುಟ್ಟುವುದು ಬಾಯಿಯ ಅಂಚನ್ನು. ಅಲ್ಲಿ ಒಂದು ಕಡೆ ಸವೆದರೆ ಅನಿಲ ಒಂದು ಕಡೆ ಮೊದಲು ನುಗ್ಗಿ ಗುಂಡನ್ನು ಓರೆಯಾಗಿ ತಳ್ಳುತ್ತದೆ. ಕೆಲವು ಕೋವಿಗಳಲ್ಲಿ ಬುಡದಿಂದ ದಾರಿಯೇ ಇರುವುದಿಲ್ಲ. ಅವಕ್ಕೆ ಬಾಯಿಯಲ್ಲಿ ಕೂರುವ ಹಿತ್ತಾಳೆಯ ಬಿಲ್ಲೆ ಬೇಕು, ಸರಳು ಅದರ ನಡುವಿನ ತೂತಿನಲ್ಲಿ ಓಡುತ್ತದೆ. ಕೋವಿಗೆ ಎಣ್ಣೆಯಿಲ್ಲದೆ ಆದ ಹಾನಿಗಿಂತ ಅತಿಯಾದ ಉಜ್ಜುವಿಕೆಯಿಂದ ಆದ ಹಾನಿಯನ್ನೇ ನಾನು ಹೆಚ್ಚು ನೋಡಿದ್ದೇನೆ.

ಸರಳಿನ ತುದಿಗೆ ಸಿಕ್ಕಿಸಿ ನಳಿಗೆ ಒರೆಸುವ ಬಟ್ಟೆ ಚೂರುಗಳನ್ನು ಎಣಿಸುವ ಹಲಗೆಯೊಂದನ್ನು ಮಾಡಿದೆ. ಇಪ್ಪತ್ತು ಗೂಟಗಳು, ಪ್ರತಿಯೊಂದರಲ್ಲೂ ಒಂದು ಚೂರು. ಕೊಳಕಾದ ಚೂರುಗಳನ್ನು ಕೆಳಗಿನ ತಟ್ಟೆಗೆ ಹಾಕುತ್ತಾ ಹೋಗಬೇಕು, ಕೊನೆಗೆ ಎಣಿಸಿದರೆ ಲೆಕ್ಕ ಕೂಡಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹತ್ತಿಯ ಉಂಡೆ ಎಣಿಸುವ ಹಾಗೆಯೇ. ಒಂದು ಚೂರು ನಳಿಗೆಯೊಳಗೆ ಉಳಿದು, ಅದರ ಹಿಂದೆ ಗುಂಡು ಬಂದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಅದರಿಂದಲೇ ಕೆಲಸ ಮುಗಿದ ಮೇಲೆ ಬುಡದಿಂದ ಟಾರ್ಚ್ ಬಿಟ್ಟು ನೋಡುವುದು ಕಡ್ಡಾಯ.

ಆ ಟಾರ್ಚೇ ಮೂರನೆಯ ವಾರ ಒಂದು ಗುಟ್ಟು ಹೊರಹಾಕಿತು. ಸದಸ್ಯರೊಬ್ಬರು ತಮ್ಮ ಹನ್ನೆರಡು ಬೋರಿನ ಕೋವಿಯನ್ನು ಪರೀಕ್ಷಿಸಲು ಮದ್ದಿಲ್ಲದ ಅಣಕು ತೋಟಾ ಹಾಕಿದ್ದರು. ಅದು ಇಪ್ಪತ್ತು ಬೋರಿನದು. ಬೋರಿನ ಸಂಖ್ಯೆ ಹೆಚ್ಚಾದಷ್ಟೂ ತೂತು ಸಣ್ಣದು, ಏಕೆಂದರೆ ಆ ತೂತಿಗೆ ಹೊಂದುವ ಸೀಸದ ಗೋಲಿಗಳು ಒಂದು ಪೌಂಡಿಗೆ ಎಷ್ಟು ಬರುತ್ತವೆ ಎಂಬುದೇ ಆ ಸಂಖ್ಯೆ. ಇಪ್ಪತ್ತರದ್ದು ಹನ್ನೆರಡರ ಚೇಂಬರಿನಲ್ಲಿ ಮುಂದಕ್ಕೆ ಜಾರಿ ಕಣ್ಣಿಗೆ ಕಾಣದ ಹಾಗೆ ನಿಂತಿತ್ತು. ನಿಜವಾದ ತೋಟಾ ಹೀಗೆ ನಿಂತು, ಚೇಂಬರ್ ಖಾಲಿಯೆಂದು ಹಿಂದೆ ಹನ್ನೆರಡರ ತೋಟಾ ಹಾಕಿ ಹೊಡೆದರೆ ನಳಿಗೆ ಕೈಯ ಪಕ್ಕದಲ್ಲೇ ಸಿಡಿಯುತ್ತದೆ. ಇಪ್ಪತ್ತು ಬೋರಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವ ವಾಡಿಕೆ ಬಂದದ್ದೇ ಈ ಗೊಂದಲ ತಪ್ಪಿಸಲು. ಆ ಸದಸ್ಯರು ಬಿಳಿಚಿಕೊಂಡದ್ದು ನೋಡಿ ನಾನೇನೂ ಹೇಳಲಿಲ್ಲ. ಬೆಂಚಿನ ಡ್ರಾಯರಿನಲ್ಲಿ ಅಣಕು ತೋಟಾಗಳಿಗೆ ಬೋರಿನ ಅಳತೆಯ ತೂತು ಕೊರೆದು ಹಲಗೆ ಇಟ್ಟೆ. ಹೊರಗಿನಿಂದ ಅಣಕು ತೋಟಾ ತರುವುದನ್ನು ನಿಲ್ಲಿಸಿದೆವು.

ಸೀಸೆಗಳು

ಎಲ್ಲರೂ ಹೆಚ್ಚು ವಾದ ಮಾಡಿದ್ದು ಇಲ್ಲಿ. ಒಬ್ಬೊಬ್ಬರಿಗೂ ತಮ್ಮ ತಂದೆ ಹೇಳಿಕೊಟ್ಟ ಒಂದೊಂದು ಎಣ್ಣೆ. ಕೊನೆಗೆ ನಾಲ್ಕು ಸೀಸೆಗಳಷ್ಟೇ ಹಿಡಿಯುವ ಕಪಾಟು ಮಾಡಿದೆ: ಮಸಿ ತೆಗೆಯುವ ದ್ರಾವಕ, ತಾಮ್ರ ತೆಗೆಯುವ ದ್ರಾವಕ, ತೆಳು ಎಣ್ಣೆ, ಮತ್ತು ನೀರು.

ನೀರು ಎಂದರೆ ನಗುತ್ತಾರೆ. ಕಬ್ಬಿಣಕ್ಕೆ ನೀರೇ? ಹೌದು. ಕರಿಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಅನಿಲವಾಗದೆ ಗಟ್ಟಿ ಲವಣವಾಗಿ ನಳಿಗೆಯಲ್ಲಿ ಅಂಟಿಕೊಳ್ಳುತ್ತದೆ. ಹಳೆಯ ಸೈನಿಕ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ, ಅಡುಗೆ ಉಪ್ಪಿನ ದಾಯಾದಿ. ಇವೆಲ್ಲ ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ತುಕ್ಕು ಎಬ್ಬಿಸುತ್ತವೆ. ಎಣ್ಣೆಯಲ್ಲಿ ಲವಣ ಕರಗುವುದಿಲ್ಲ. ಎಣ್ಣೆ ಸವರಿದರೆ ಉಪ್ಪಿನ ಮೇಲೆ ಮುಚ್ಚಳ ಹಾಕಿದಂತೆ. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ. ಒಣಗಿಸುವುದರಲ್ಲಿ ಸೋಮಾರಿತನ ಮಾಡಿದರೆ ಮಾತ್ರ ನಗುವವರು ಗೆದ್ದಂತೆ.

ಗುಂಡಿನ ಹೊದಿಕೆಯಿಂದ ನಳಿಗೆಗೆ ಅಂಟಿದ ತಾಮ್ರ ತೆಗೆಯುವ ದ್ರಾವಕದಲ್ಲಿ ಸಾಮಾನ್ಯವಾಗಿ ಅಮೋನಿಯಾ ಇರುತ್ತದೆ. ಬಟ್ಟೆ ನೀಲಿಹಸಿರಾದರೆ ತಾಮ್ರ ಬರುತ್ತಿದೆ ಎಂದು ಅರ್ಥ. ಆದರೆ ಕಂಚಿನ ಬ್ರಷ್ಷನ್ನೂ ಅದು ಅಷ್ಟೇ ಪ್ರೀತಿಯಿಂದ ತಿನ್ನುತ್ತದೆ. ಒಬ್ಬರು ಎರಡು ಗಂಟೆ ಉಜ್ಜಿ "ಇನ್ನೂ ನೀಲಿ ಬರುತ್ತಲೇ ಇದೆ" ಎಂದು ಬೇಸತ್ತಿದ್ದರು. ಕರಗುತ್ತಿದ್ದದ್ದು ಬ್ರಷ್ಷು.

ಪೆಟ್ರೋಲಿಗೆ ಇಲ್ಲಿ ಪ್ರವೇಶವಿಲ್ಲ. ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ ಆ ಆವಿ ನೆಲದ ಮೇಲೆ ಹರಿದು ಗ್ರೈಂಡರನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಮರದ ಬಟ್ಟಿಗೆ ಅಗಸೆ ಎಣ್ಣೆ ಉಜ್ಜುವವರ ಬಟ್ಟೆಯದು ಇನ್ನೊಂದು ಬಗೆಯ ಅಪಾಯ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಕೂಡಿಕೊಂಡು ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆಯಲ್ಲಿ ಆ ಬಿಸಿ ಹೊರಹೋಗಲಾರದೆ ತಾನೇ ಬೆಂಕಿಯಾಗುತ್ತದೆ, ಕಿಡಿ ಬೇಕಿಲ್ಲ. ಬೆಂಚಿನ ಕಾಲಿಗೆ ಸರಪಳಿ ಹಾಕಿ ಮುಚ್ಚಳವಿರುವ ಕಬ್ಬಿಣದ ಡಬ್ಬಿ ಕಟ್ಟಿದ್ದೇನೆ, ಅರ್ಧ ನೀರು. ಸರಪಳಿ ಏಕೆಂದರೆ, ಸರಪಳಿಯಿಲ್ಲದ ಮೊದಲ ಡಬ್ಬಿ ಎರಡೇ ದಿನದಲ್ಲಿ ಯಾರದೋ ಗಿಡದ ಕುಂಡವಾಗಿತ್ತು.

ಬೆಂಚು ಒಲ್ಲೆನ್ನುವ ಕೆಲಸಗಳು

ದೀಪದ ತಂತಿಯೊಂದನ್ನು ಬಿಟ್ಟರೆ ಬೆಂಚಿಗೆ ವಿದ್ಯುತ್ತಿಲ್ಲ. ನಳಿಗೆ ಕೊಯ್ಯುವುದು, ಚೇಂಬರ್ ಕೊರೆಯುವುದು, ಟ್ರಿಗ್ಗರ್ ಹಗುರ ಮಾಡುವುದು ಇವು ನಿರ್ವಹಣೆಯಲ್ಲ. ಟ್ರಿಗ್ಗರಿನೊಳಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಎರಡು ಉಕ್ಕಿನ ಅಂಚುಗಳನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ, ಕೋವಿ ಕೆಳಗೆ ಬಿದ್ದ ಪೆಟ್ಟಿಗೇ ಹಾರಬಹುದು. ಅದು ಪರವಾನಗಿ ಪಡೆದ ಕೋವಿ ಕುಶಲಕರ್ಮಿಯ ಕೆಲಸ, ಎಷ್ಟೋ ಕಡೆ ಕಾನೂನಿನ ವಿಷಯವೂ ಹೌದು. ಸ್ವಚ್ಛ ಮಾಡುವುದು, ಎಣ್ಣೆ ಹಾಕುವುದು, ಸಡಿಲಾದ ಸ್ಕ್ರೂ ಬಿಗಿಯುವುದು, ಮರದ ಬಟ್ಟಿಗೆ ಹೊಳಪು ಕೊಡುವುದು, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಬಿಚ್ಚುವುದು, ಇಷ್ಟೇ.

ಸ್ಕ್ರೂಗಳಿಗಾಗಿ ಸಾಧಾರಣ ಸ್ಕ್ರೂಡ್ರೈವರ್ ಇಡಲಿಲ್ಲ. ಅದರ ತುದಿ ಬೆಣೆಯ ಹಾಗೆ ಇಳಿಜಾರು, ಕೋವಿಯ ಸ್ಕ್ರೂವಿನ ತಲೆಯ ಸೀಳು ನೇರ ಗೋಡೆಯದು. ತಿರುಗಿಸಿದಾಗ ಜಾರಿ ಮೇಲೆದ್ದು ಹೊಳಪಿನ ಮೇಲೆ ಗೀರು ಬಿಡುತ್ತದೆ. ಸಮಾನಾಂತರ ಅಂಚಿಗೆ ಉಜ್ಜಿದ ತುದಿಗಳ ಒಂದು ಜೊತೆ ಸಾಕು. ಸ್ಪ್ರಿಂಗ್ ಹಾರುವುದರಿಂದ ಕನ್ನಡಕ ಬೇಕು. ಅದು ಡ್ರಾಯರಿನಲ್ಲಿ ಎಲ್ಲಕ್ಕಿಂತ ಮೇಲೆ, ತೆಗೆಯದೆ ಉಳಿದದ್ದು ಸಿಗದ ಹಾಗೆ ಇದೆ.

ಬೆಂಚಿನ ಕೆಳಗಿನ ಯಾವ ಗೂಡೂ 60 ಸೆಂಟಿಮೀಟರಿಗಿಂತ ಉದ್ದವಿಲ್ಲ, ಯಾವುದಕ್ಕೂ ಬೀಗವಿಲ್ಲ. "ನಾಳೆ ಬಂದು ಮುಗಿಸುತ್ತೇನೆ, ಇಲ್ಲೇ ಇರಲಿ" ಎಂದು ಹೇಳಲು ಆಸ್ಪದವೇ ಇಲ್ಲ. ಕೋವಿ ಅದರ ಮಾಲೀಕರ ಜೊತೆ ಬರುತ್ತದೆ, ಅವರ ಜೊತೆಯೇ ಹೋಗುತ್ತದೆ. ನಡುವೆ ಅವರು ಕೈತೊಳೆಯಲು ಹೋದರೂ ಜೊತೆಗಿದ್ದವರು ಅಲ್ಲೇ ನಿಂತಿರಬೇಕು.

ಹೀಗೆ ಇಪ್ಪತ್ತೆರಡರಲ್ಲಿ ಐದು ಮಾತ್ರ ಬರವಣಿಗೆಗೆ ಉಳಿದವು. ಪರವಾನಗಿ ತೋರಿಸಿ ದಾಖಲೆ ಪುಸ್ತಕದಲ್ಲಿ ಬರೆಯುವುದು, ತೋಟಾ ಒಳಗೆ ತರದಿರುವುದು, ಇಬ್ಬರು ನೋಡಿ ದಾರ ತೂರಿಸುವುದು, ಟ್ರಿಗ್ಗರಿಗೆ ಬೆರಳು ಹಾಕದಿರುವುದು, ಹೊರಡುವ ಮುನ್ನ ಕೈ ತೊಳೆಯುವುದು. ಬೆಂಚಿನ ಎದುರಿಗೆ, ಏಪ್ರನ್ ನೇತುಹಾಕಲು ಮೊಳೆಯಿಲ್ಲದ ಕಡೆ, ಕೈಯಗಲದ ಹಲಗೆಯ ಮೇಲೆ ಕೊರೆದಿದ್ದೇನೆ. ಹಳೆಯ ದೊಡ್ಡ ಹಾಳೆಯನ್ನು ಮಗುಚಿ ಸೀಸೆಗಳ ಕೆಳಗೆ ಹಾಸಿದೆ. ಪ್ಲಾಸ್ಟಿಕ್ ಹೊದಿಸಿದ್ದು ಕೊನೆಗೂ ಉಪಯೋಗಕ್ಕೆ ಬಂತು.

ದಾರ ಹಾಯದ ಕೋವಿ

ಬೆಂಚು ಶುರುವಾದ ಎರಡನೆಯ ತಿಂಗಳು ಹಿರಿಯ ಸದಸ್ಯರೊಬ್ಬರು ತಮ್ಮ ಅಜ್ಜನ ಕೇಪಿನ ಕೋವಿ ತಂದರು. ಐವತ್ತು ವರ್ಷಗಳಿಂದ ಗೋಡೆಯ ಮೇಲೆ ತೂಗಿದ್ದು. ಮರಕ್ಕೆ ಎಣ್ಣೆ ಉಜ್ಜಿ, ಕಬ್ಬಿಣದ ತುಕ್ಕು ತೆಗೆದು ಮತ್ತೆ ತೂಗುಹಾಕುವ ಆಸೆ ಅವರದು. ಹಳದಿ ದಾರವನ್ನು ತೆಗೆದುಕೊಂಡು ಎಲ್ಲಿಂದ ತೂರಿಸಲಿ ಎಂದು ನನ್ನ ಮುಖ ನೋಡಿದರು. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಬುಡ ತೆರೆಯುವುದೇ ಇಲ್ಲ. ನನ್ನ ಜಾಣ ದಾರ ಅಲ್ಲಿಗೆ ಮುಗಿಯಿತು.

"ಇದರಲ್ಲಿ ಏನಿರುತ್ತದೆ, ನಾನು ಹುಡುಗನಾಗಿದ್ದಾಗಿನಿಂದ ಯಾರೂ ಹೊಡೆದಿಲ್ಲ" ಎಂದರು. ಯಾರೂ ಹೊಡೆದಿಲ್ಲ ಎಂಬುದೇ ನನ್ನನ್ನು ತಡೆದದ್ದು. ಕೋವಿಯನ್ನು ಬಾಗಿಲ ಹೊರಗೇ, ಬಾಯಿ ದಿಬ್ಬದ ಕಡೆ ಮಾಡಿ, ಕುದುರೆ, ಅಂದರೆ ಕೇಪಿಗೆ ಹೊಡೆಯುವ ಸುತ್ತಿಗೆ, ಎತ್ತದೆ ಇರಿಸಿಕೊಂಡೆವು. ಕೇಪು ಕೂರುವ ಮೊಲೆ ಬರಿದಾಗಿತ್ತು. ಮರದ ಸರಳೊಂದನ್ನು ನಳಿಗೆಯ ಹೊರಗೆ ಜೊತೆಯಾಗಿ ಹಿಡಿದು, ಆ ಮೊಲೆಯಿಂದ ಬಾಯಿಯವರೆಗಿನ ಉದ್ದಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಆಮೇಲೆ ಬಾಯಿಯ ಎದುರು ನಿಲ್ಲದೆ, ಪಕ್ಕದಿಂದ ಅದನ್ನು ಮೆತ್ತಗೆ ಒಳಗೆ ಬಿಟ್ಟೆ. ಖಾಲಿ ನಳಿಗೆಯಾದರೆ ಗುರುತು ಬಾಯಿಯ ಹತ್ತಿರ ಬಂದು ನಿಲ್ಲಬೇಕು. ನಾಲ್ಕು ಬೆರಳು ಮೇಲೆಯೇ ನಿಂತಿತು. ತಳದಲ್ಲಿ ಟಣ್ ಎನ್ನುವ ಬದಲು ಮೆತ್ತನೆಯ ಡೊಬ್.

ಯಾರೂ ಮಾತಾಡಲಿಲ್ಲ. ಸರಳನ್ನು ಹೊರತೆಗೆದು, ಕೋವಿಯನ್ನು ಮುಟ್ಟದೆ, ಪರವಾನಗಿ ಇರುವ ಕುಶಲಕರ್ಮಿಯನ್ನು ಅಲ್ಲಿಗೇ ಕರೆಸಿದೆವು. ಅವರು ಒಯ್ದು ಬರಿದು ಮಾಡಿ ಮೂರು ದಿನದ ಮೇಲೆ ತಂದುಕೊಟ್ಟರು. ತೆಂಗಿನ ನಾರಿನ ಬಿರಡೆ, ಒಂದು ಹಿಡಿ ಚರೆ, ಅದರ ಹಿಂದೆ ಒಣಗಿದ ಕರಿಮದ್ದು. ಒಣಗಿಯೇ ಇದ್ದರೆ ಕರಿಮದ್ದು ವರ್ಷಗಳು ಉರುಳಿದರೂ ಸತ್ತುಹೋಗುವುದಿಲ್ಲ. ಆ ಹಿರಿಯರು ಚರೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಚಿಕ್ಕಂದಿನಲ್ಲಿ ಆ ಕೋವಿಯನ್ನು ಗೋಡೆಯಿಂದ ಇಳಿಸಿ ತಮ್ಮಂದಿರ ಜೊತೆ ಕಳ್ಳ ಪೊಲೀಸ್ ಆಡಿದ್ದರಂತೆ.

ಡ್ರಾಯರಿನ ಮುಂದೆ ಈಗ ಮೂರನೆಯ ಗೂಟವೊಂದಿದೆ. ಅದರಲ್ಲಿ ಒಂದು ಮರದ ಸರಳು, ಅದರ ಮೇಲೆ ಜಾರುವ ಹಿತ್ತಾಳೆಯ ಉಂಗುರ. ಹೊರಗಿನ ಅಳತೆಗೆ ಉಂಗುರ ಬಿಗಿದು ಒಳಗೆ ಬಿಟ್ಟರೆ ಸಾಕು. ಮೊದಲ ಉಂಗುರ ಸ್ವಲ್ಪ ಸಡಿಲವಾಗಿ ತಾನಾಗಿಯೇ ಜಾರುತ್ತಿತ್ತು. ಅದನ್ನು ಬದಲಿಸಿ, ಬೆರಳಿನಿಂದ ತಿರುಗಿಸಿ ಬಿಗಿಯುವ ಸಣ್ಣ ಸ್ಕ್ರೂ ಇರುವುದನ್ನು ಹಾಕಿದ್ದೇನೆ.